ಸಿಗ್ನೆಗೆ ಅಭ್ಯಾಸದ ತೋಟಾ

ಜೂನ್ 12, ಬೆಳಿಗ್ಗೆ

ಬ್ರೆಡ್ಡಿನ ಹಿಟ್ಟು ಕಲಸಿಟ್ಟೆ. ಬೇಕರಿ ಮಾರಿ ವರ್ಷಗಳಾದರೂ ಮೈಗೆ ಗೊತ್ತಾಗಿಲ್ಲ, ಕೋಳಿಗಿಂತ ಮೊದಲು ಏಳುತ್ತದೆ. ಹೆಂಡತಿ ಸಿಗ್ನೆ ಇನ್ನೂ ಮಲಗಿದ್ದಾಳೆ. ಎಡ ಮಗ್ಗುಲಿಗೇ. ಫೆಬ್ರವರಿಯಲ್ಲಿ ಅಂಗಳದ ಮಂಜುಗಡ್ಡೆ ಮೇಲೆ ಜಾರಿ ಬಲ ಭುಜ ಮುರಿದುಕೊಂಡ ಮೇಲೆ ಆ ಕಡೆ ಹೊರಳಿದ್ದೇ ಇಲ್ಲ. ಒಳಗೆ ಪ್ಲೇಟು, ಸ್ಕ್ರೂ ಎಲ್ಲ ಇದೆ. ಇನ್ನು ಕೋವಿ ಹಿಡಿಯಬಹುದು ಎಂದರಂತೆ ಡಾಕ್ಟರು. ಆಸ್ಪತ್ರೆಯಿಂದ ಕಾರಿಗೆ ಬರುವಷ್ಟರಲ್ಲೇ, "ಕೋವಿಗೆ ತೋಟಾ ತರೋಕೆ ಯಾವಾಗ ಹೋಗೋಣ?" ಎಂದು ಕೇಳಿದ್ದಳು.

ಇವತ್ತು ಹೋಗಬೇಕು. ಗುರಿ ಹೊಡೆಯುವ ಮೈದಾನದಲ್ಲಿ, ಅಂದರೆ ರೇಂಜಿನಲ್ಲಿ, ಮೂವತ್ತು ಗುಂಡು ಅಭ್ಯಾಸ ಹೊಡೆದು ಸಹಿ ಹಾಕಿಸದೆ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆಯಲ್ಲಿ ಐದು ಗುಂಡು. ಹಿಮಸಾರಂಗದ ಚಿತ್ರದ ಎದೆಯಲ್ಲೊಂದು ವೃತ್ತ, ಐದೂ ಅದರೊಳಗೆ ಬೀಳಬೇಕು. ಪಾಸಾಗದವರು ಕುದುರೆಯಷ್ಟೆತ್ತರದ ಮೂಸ್ ಜಿಂಕೆಯ ಬೇಟೆಗೆ ಹೋಗುವಂತಿಲ್ಲ. ಪ್ರತಿ ಬೇಸಿಗೆಯ ಗೋಳು ಇದು. ನಾನಂತೂ ಬೇಟೆಗಾರನಲ್ಲ, ತಂಡಕ್ಕೆ ಸೂಪು ಕುದಿಸುವವನು. ದೇವರ ದಯೆ.

ಅದೇ ದಿನ, ಸಂಜೆ

ಅಂಗಡಿಯಲ್ಲಿ ಲೈಸೆನ್ಸು ಅವಳದು, ಪರ್ಸು ನನ್ನದು. ಬೇಟೆಯ ತೋಟಾ ಒಂದು ಡಬ್ಬಿಯ ದುಡ್ಡಿಗೆ ಅಭ್ಯಾಸದ್ದು ಎರಡು ಬರುತ್ತದೆ. ಕಾಗದಕ್ಕೆ ತೂತು ಮಾಡಲು ಒಳ್ಳೆಯದು ಯಾಕೆ? ಅಗ್ಗದ್ದು ಮೂರು ಬಗೆ ಇಳಿಸಿದಳು ಅಂಗಡಿಯ ಮಾರಿಟ್. ಒಂದೊಂದೇ ಅಂಗೈಯಲ್ಲಿಟ್ಟು ತೂಗಿ ನೋಡಿದೆ. ಹಳೆ ಚಾಳಿ.

"ಅದು ಯೀಸ್ಟ್ ಅಲ್ಲ ಹಾಲ್ವಾರ್, ಉಬ್ಬಲ್ಲ. ಯಾವುದಾದ್ರೂ ಒಂದು ತಗೋ ಮಾರಾಯ," ಎಂದಳು ಮಾರಿಟ್.

ಸಿಗ್ನೆ ನಕ್ಕಳು. ಚಳಿಗಾಲದಿಂದ ಈಚೆಗೆ ಅಷ್ಟು ಜೋರಾಗಿ ನಕ್ಕದ್ದು ಇವತ್ತೇ. ಎರಡು ಡಬ್ಬಿ ಜಾಸ್ತಿಯೇ ತೆಗೆದುಕೊಂಡೆ.

ಜೂನ್ 20

ರೇಂಜಿನಲ್ಲಿ ಇವತ್ತು ವಾಫಲ್ ಸುಡುವ ಕಾವಲಿಯ ಪಾಳಿ ನನ್ನದು. ಜನ ಕಂದು ಚೀಸ್ ಹಾಕಿದ್ದೇ ಕೇಳುತ್ತಾರೆ, ಜ್ಯಾಮ್ ಹಾಗೇ ಉಳಿಯಿತು.

ಮೂರನೇ ಗುಂಡಿಗೇ ಸಿಗ್ನೆಯ ಹುಬ್ಬಿಗೆ ಕೋವಿಯ ಮೇಲಿನ ದುರ್ಬೀನು ಬಡಿಯಿತು. ರಕ್ತ. ಅರ್ಧ ಚಂದ್ರನ ಹಾಗೆ ಸೀಳಿದೆ. ಕೋವಿಯ ಹಿಂಭಾಗವನ್ನು ಭುಜಕ್ಕೆ ಒತ್ತಿ ಹಿಡಿಯದವರಿಗೆ ಆಗುವ ಗಾಯ. ಹೊಸಬರಿಗೆ ಆಗುವುದು. ಅಪ್ಪನ ಕೋವಿಯನ್ನು ಹದಿನಾರಕ್ಕೇ ಎತ್ತಿದವಳಿಗೆ!

"ಅಕ್ಕಂಗೆ ಹೊಸಬರ ಮುದ್ರೆ ಬಿತ್ತು ನೋಡ್ರಪ್ಪಾ," ಎಂದ ಟೋರ್ಗೆರ್. ಸಿಗ್ನೆಯ ತಮ್ಮ ಅವನು, ತಂಡದ ಮುಖ್ಯಸ್ಥ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಆದರೆ ಬಾಯಲ್ಲಿ ಮಾತ್ರ.

ಕಾರಿನಲ್ಲಿ ಹೇಳಿದಳು— "ಈ ತೋಟಾ ಸರಿಯಿಲ್ಲ. ವಿಪರೀತ ಒದೆಯುತ್ತೆ."

ಇರಬಹುದು. ಆರಿಸಿದವನು ನಾನು ತಾನೆ.

ಜುಲೈ 5

ಹಗುರ ಗುಂಡಿನದು ತಂದೆವು. ಒದೆತ ಕಡಿಮೆಯಂತೆ. ಹೊಡೆದಳು. ಒಂದು ಸಾರಂಗದ ಕಾಲಿಗೆ, ಒಂದು ಬಾಲಕ್ಕೆ, ಒಂದು ಎಲ್ಲಿ ಹೋಯಿತೋ ಆ ದೇವರೇ ಬಲ್ಲ.

"ಇದೂ ಸರಿಯಿಲ್ಲ."

ಜುಲೈ 19

ಮೂರನೆಯ ಬಗೆ. ಇದೂ ಸರಿಯಿಲ್ಲ. ಉಗ್ರಾಣದಲ್ಲಿ ಈಗ ಜ್ಯಾಮಿಗಿಂತ ತೋಟಾವೇ ಹೆಚ್ಚು. ಮೂವತ್ತು ಗುಂಡೇನೋ ಮುಗಿಯಿತು, ಸಹಿಯೂ ಬಿತ್ತು. ಸಹಿಯಿಂದ ಗುಂಡು ವೃತ್ತದೊಳಗೆ ಹೋಗುವುದಿಲ್ಲವಲ್ಲ.

ಅವಳು ಮೂರು ಡಬ್ಬಿಗಳನ್ನೂ ಊಟದ ಮೇಜಿನ ಮೇಲೆ ಸಾಲಾಗಿಟ್ಟು ಬಹಳ ಹೊತ್ತು ನೋಡುತ್ತಾ ಕೂತಿದ್ದಳು. ಕಾಫಿ ತಣ್ಣಗಾಯಿತು. ಬಿಸಿ ಮಾಡಿಕೊಟ್ಟೆ. ಅದೂ ತಣ್ಣಗಾಯಿತು.

ಜುಲೈ 28

ಟೋರ್ಗೆರ್ ಬಂದಿದ್ದ. ಅಕ್ಕ ಮನೆಯಲ್ಲಿಲ್ಲದ ಹೊತ್ತು ನೋಡಿಯೇ ಬಂದದ್ದು. ಟೋಪಿ ತಿರುಗಿಸುತ್ತಾ ನಿಂತ.

"ಬಾವ, ಸೆಪ್ಟೆಂಬರ್ ಹದಿಮೂರಕ್ಕೆ ನಮ್ಮ ರೇಂಜಲ್ಲಿ ಕೊನೇ ಪರೀಕ್ಷೆ. ಅಷ್ಟರಲ್ಲಿ ಅಕ್ಕ ಪಾಸಾಗದಿದ್ರೆ ಕರಿಜೌಗಿನಲ್ಲಿ ಅವಳು ಹೊಂಚು ಕೂರೋ ಜಾಗಕ್ಕೆ ನನ್ನ ಸೊಸೇನ ಹಾಕಬೇಕಾಗುತ್ತೆ. ಆ ಜಾಗ ಖಾಲಿ ಬಿಡೋಕಾಗಲ್ಲ, ಮೂಸ್ ಎಲ್ಲ ಅಲ್ಲೇ ದಾಟೋದು."

"ಅದನ್ನ ಅವಳಿಗೇ ಹೇಳು."

"ನನ್ನ ಕೈಲಿ ಆಗಲ್ಲ. ನೀನೇ ಹೇಳು. ನೀನು ಅನ್ನ ಹಾಕೋನು, ನಿನ್ನ ಮೇಲೆ ಸಿಟ್ಟು ನಿಲ್ಲಲ್ಲ."

ಕರಿಜೌಗಿನಲ್ಲಿ ಮೊದಲು ಅವರ ಅಪ್ಪ ನಿಲ್ಲುತ್ತಿದ್ದ. ಆಮೇಲೆ ಸಿಗ್ನೆ. ಅಲ್ಲಿಂದ ಇಳಿದು ಬಂದ ದಿನ ಅವಳ ಮುಖ ನೋಡಬೇಕು, ಬೇಟೆ ಸಿಕ್ಕಿರಲಿ ಬಿಡಲಿ. ನಾನು ಮದುವೆಯಾದದ್ದೇ ಆ ಮುಖವನ್ನು.

ಇಲ್ಲಿ ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ. ಟೋರ್ಗೆರ್ ಮಾತು ಕೇಳಿ ಒಂದು ಗಳಿಗೆ ಖುಷಿಯಾಯಿತು. ಈ ಸಲ ಬೇಟೆಯ ಗುಡಿಸಲಲ್ಲಿ ನನ್ನ ಜೊತೆ ಆಲೂಗಡ್ಡೆ ಸುಲಿಯುತ್ತಾ ಕೂರುತ್ತಾಳೆ, ಮೈ ನೋಯುವುದಿಲ್ಲ, ನಾನು ಗುಂಡಿನ ಸದ್ದಿಗೆ ಕಿವಿಗೊಟ್ಟು ಕೂರುವುದೂ ಇಲ್ಲ ಎಂದು. ಆಮೇಲೆ ಅವಳು ಆಲೂಗಡ್ಡೆ ಸುಲಿಯುವುದನ್ನು ಕಲ್ಪಿಸಿಕೊಂಡೆ. ಆ ಖುಷಿ ಅಲ್ಲಿಗೇ ಹೋಯಿತು.

ಆಗಸ್ಟ್ 1

ಹೇಳಿದೆ. "ಹೂಂ" ಎಂದಳು. ಅಷ್ಟೇ.

ಆಗಸ್ಟ್ 9

ಇವತ್ತಿನದನ್ನು ನೆಟ್ಟಗೆ ಬರೆಯಬೇಕು.

ಮಾಳಿಗೆಯಲ್ಲಿ ಅವಳ ಅಪ್ಪನ ತಗಡಿನ ಡಬ್ಬಿ ಸಿಕ್ಕಿತ್ತು. ಎಷ್ಟೋ ವರ್ಷದ ಹಳೆಯ ತೋಟಾ. ಪುಕ್ಕಟೆ. "ಅಪ್ಪನ ಕೋವಿ, ಅಪ್ಪನ ತೋಟಾ. ಇದು ಸರಿಹೋಗಲೇಬೇಕು," ಎಂದಳು. ಬೇಡ ಎನ್ನಬೇಕಿತ್ತು, ಅವಳ ದನಿ ಕೇಳಿ ಕಾರಿನ ಕೀಲಿ ತೆಗೆದುಕೊಂಡೆ.

ರೇಂಜಿನಲ್ಲಿ ನಾವಿಬ್ಬರೇ. ಮೂರು ಗುಂಡು ಢಂ ಎಂದವು, ಎಲ್ಲೆಲ್ಲೋ ಹೋದವು. ನಾಲ್ಕನೆಯದು ಟಕ್ ಎಂದಿತು. ಅಷ್ಟೇ. ಹಾರಲಿಲ್ಲ.

ಆದರೆ ಕೋವಿ ಕುಣಿಯಿತು. ಸದ್ದಿಲ್ಲ, ಹೊಗೆಯಿಲ್ಲ, ಒದೆತವೂ ಇಲ್ಲ. ಆದರೂ ನಳಿಗೆ ಗಕ್ಕನೆ ನೆಲದತ್ತ ಬಾಗಿತು. ಅವಳ ಭುಜ ಹಿಂದಕ್ಕೆ ಹೋಗಿತ್ತು. ಕಣ್ಣು ಬಿಗಿಯಾಗಿ ಮುಚ್ಚಿತ್ತು.

ತಡವಾಗಿ ಸಿಡಿದರೆ ಕಷ್ಟ ಎಂದು ಕೋವಿಯನ್ನು ಗುರಿಯ ಕಡೆಗೇ ಹಿಡಿದು ಕಾಯಬೇಕು. ಕಾದೆವು. ಆ ಹೊತ್ತೆಲ್ಲ ಇಬ್ಬರಿಗೂ ಗೊತ್ತಾಗಿತ್ತು. ತಪ್ಪು ತೋಟಾದ್ದಲ್ಲ, ಯಾವ ತೋಟಾದ್ದೂ ಆಗಿರಲಿಲ್ಲ, ಗುಂಡು ಹಾರುವ ಮೊದಲೇ ಅವಳ ಮೈ ಬೆದರುತ್ತಿತ್ತು. ಬೇಸಿಗೆಯೆಲ್ಲ ನಾವು ಡಬ್ಬಿಗಳನ್ನು ಬೈದದ್ದು ಸುಮ್ಮನೆ.

ಕೋವಿಯ ಅಗುಳಿಯಂಥ ಬೋಲ್ಟ್ ಎಳೆದಳು, ತೋಟಾ ಹೊರತೆಗೆದಳು, ನನ್ನ ಕಡೆ ನೋಡದೆ ಕಾರಿಗೆ ನಡೆದಳು.

ಆಗಸ್ಟ್ 11

ಬ್ರೆಡ್ಡು ಚೆನ್ನಾಗಿ ಬಂತು. ತಿನ್ನುವವರಿಲ್ಲ.

ಆಗಸ್ಟ್ 13

ಇಬ್ಬರೂ ಜೌಗಿಗೆ ಹೋಗಿ ಅಲ್ಲಿ ಬೆಳೆಯುವ ಹಳದಿ ಕಾಡುಹಣ್ಣು ಬಿಡಿಸುತ್ತಿದ್ದೆವು. ಬೆನ್ನು ಬಗ್ಗಿಸಿಕೊಂಡೇ, ಹಣ್ಣಿಗೆ ಹೇಳುವವಳ ಹಾಗೆ ಹೇಳಿದಳು—

"ನಂಗೆ ಹೆದರಿಕೆ, ಹಾಲ್ವಾರ್."

"ಗೊತ್ತು ಕಣೆ."

"ಟ್ರಿಗರ್ ಮುಟ್ಟೋಕೆ ಮುಂಚೇನೇ ಮೂಳೆ ಮತ್ತೆ ಮುರಿದ ಹಾಗೆ ಆಗುತ್ತೆ. ಆಮೇಲೆ ಏನಾಗುತ್ತೆ ಅಂತ ನಂಗೇ ಗೊತ್ತಾಗಲ್ಲ."

ಬಕೆಟ್ಟು ಕೆಳಗಿಟ್ಟು ಅವಳನ್ನು ತಬ್ಬಿಕೊಂಡೆ. ಬಲ ಭುಜ ಬಿಟ್ಟು. ಸೊಳ್ಳೆ ಇಬ್ಬರನ್ನೂ ತಿಂದವು. ಅತ್ತಳು. ನಾನೂ ಅತ್ತೆ, ಆಮೇಲೆ ತಪ್ಪನ್ನು ಸೊಳ್ಳೆಯ ಮೇಲೆ ಹಾಕಿದೆ.

ಮನೆಗೆ ಬರುವ ದಾರಿಯಲ್ಲಿ ಅವಳಿಗೇ ಹೊಳೆಯಿತು. "ಸದ್ದು ಬರುತ್ತೋ ಇಲ್ವೋ ಗೊತ್ತಿಲ್ಲದಿದ್ರೆ ಮೈ ಯಾವುದಕ್ಕೆ ಹೆದರುತ್ತೆ? ನೀನು ತುಂಬು. ಒಮ್ಮೆ ಒಳ್ಳೇದು, ಒಮ್ಮೆ ಹೊಡೆದು ಬಿಟ್ಟ ಖಾಲೀದು. ಯಾವುದು ಅಂತ ಹೇಳಬೇಡ."

"ನನ್ನ ಮುಖದಲ್ಲಿ ಗುಟ್ಟು ನಿಲ್ಲಲ್ವಲ್ಲೇ."

"ಹಾಗಾದ್ರೆ ಮುಖ ಆ ಕಡೆ ತಿರುಗಿಸ್ಕೋ, ಮುದುಕ."

ಆಗಸ್ಟ್ 17

ಅವಳು ಕೂತು ಗುರಿ ಹಿಡಿಯುತ್ತಾಳೆ. ನಾನು ಪಕ್ಕದಲ್ಲಿ ಮಂಡಿಯೂರಿ ತುಂಬುತ್ತೇನೆ, ಬೋಲ್ಟ್ ಮುಚ್ಚುತ್ತೇನೆ, ಮುಖ ತಿರುಗಿಸಿ ಪೈನ್ ಮರ ನೋಡುತ್ತೇನೆ. ಮೊದಲು ನಾಲ್ಕು ಸಲ ಖಾಲಿಯದೇ ಇಟ್ಟೆ. ನಾಲ್ಕು ಸಲವೂ ನಳಿಗೆ ಬಾಗಿತು. ಐದನೆಯದು ಸ್ವಲ್ಪ ಕಡಿಮೆ. ಆರನೆಯದು ನಿಜವಾದದ್ದು. ಢಂ! ಅವಳಿಗಿಂತ ನಾನೇ ಹೆಚ್ಚು ಬೆಚ್ಚಿದೆ.

"ತುಂಬಿದವನು ನೀನೇ ತಾನೆ?" ಎಂದು ನಕ್ಕಳು.

ಗುಂಡು ಸಾರಂಗದ ಹೊಟ್ಟೆಗೆ ಬಿದ್ದಿತ್ತು. ವೃತ್ತದಲ್ಲಲ್ಲ. ಆದರೆ ಸಾರಂಗದಲ್ಲಿ!

ಆಗಸ್ಟ್ 24

ಮನೆಯಲ್ಲೂ ಶುರು. ಊಟವಾದ ಮೇಲೆ ಖಾಲಿ ಕೋವಿ. ಇಬ್ಬರೂ ಎರಡೆರಡು ಸಲ ನೋಡಿ ಖಾಲಿ ಎಂದು ಖಾತ್ರಿ ಮಾಡಿಕೊಂಡು. ನಳಿಗೆಯ ತುದಿಗೆ ಕಾಫಿಯ ಸಕ್ಕರೆ ಉಂಡೆ ಇಡುತ್ತೇನೆ. ಟ್ರಿಗರ್ ಒತ್ತಿದಾಗ ಉಂಡೆ ಬೀಳಬಾರದು. ಬಿದ್ದದ್ದನ್ನು ನಾನು ತಿನ್ನಬೇಕು, ಅದು ಅವಳು ಮಾಡಿದ ಕಾನೂನು. ಇವತ್ತು ಹಲ್ಲು ಜುಮ್ಮೆನ್ನುತ್ತಿದೆ.

ಮಾರಿಟ್ ರಸ್ತೆಯಲ್ಲಿ ಸಿಕ್ಕು, "ಈ ತಿಂಗಳು ತೋಟಾಕ್ಕೆ ಬರಲೇ ಇಲ್ವಲ್ಲ, ಬೇರೆ ಅಂಗಡಿ ಹಿಡಿದ್ರಾ?" ಎಂದಳು. ಖಾಲಿ ತೋಟಾಕ್ಕಿಂತ ಅಗ್ಗದ್ದು ನಿನ್ನ ಹತ್ತಿರ ಇದೆಯಾ ಎಂದು ಕೇಳಬೇಕೆನಿಸಿತು. ಕೈಬೀಸಿ ಮುಂದೆ ನಡೆದೆ. ಅದು ನಮ್ಮಿಬ್ಬರದು.

ಆಗಸ್ಟ್ 30

ಟಕ್. ನಳಿಗೆ ಅಲ್ಲಾಡಲಿಲ್ಲ. ಸಕ್ಕರೆ ಬೀಳಲಿಲ್ಲ. ಮತ್ತೆ ಟಕ್. ಮತ್ತೆ. ಇವತ್ತು ನನಗೆ ಸಕ್ಕರೆಯಿಲ್ಲದ ಕಾಫಿ. ಇಷ್ಟು ರುಚಿಯಾದ ಕಾಫಿ ಕುಡಿದೇ ಇರಲಿಲ್ಲ.

ಸೆಪ್ಟೆಂಬರ್ 6

ಪರೀಕ್ಷೆ. ನಾಲ್ಕು ಒಳಗೆ. ಐದನೆಯದಕ್ಕೆ ಮುಂಚೆ ಹಿಂದಿನಿಂದ ಯಾರೋ, "ಇನ್ನೊಂದೇ ಸಿಗ್ನೆ!" ಎಂದರು. ಹೋಯಿತು. ವೃತ್ತದಿಂದ ಒಂದು ಬೆರಳು ಹೊರಗೆ.

ಹಾಗೆ ಕೂಗಿದವರು ಯಾರು ಎಂದು ಹುಡುಕಿಕೊಂಡು ಹೋಗುತ್ತಿದ್ದೆ. ಅವಳು ತೋಳು ಹಿಡಿದು ನಿಲ್ಲಿಸಿದಳು. "ಬಿಡು. ಒಳ್ಳೆ ಮನಸ್ಸಿಂದ ಅಂದಿದ್ದು."

ಇನ್ನು ಒಂದೇ ಶನಿವಾರ ಉಳಿದಿದೆ.

ಸೆಪ್ಟೆಂಬರ್ 13, ಬೆಳಿಗ್ಗೆ

ರಾತ್ರಿ ಬಲ ಮಗ್ಗುಲಿಗೆ ಹೊರಳಿ ಮಲಗಿದ್ದಳು. ನನ್ನ ಕಡೆ ಮುಖ ಮಾಡಿ. ಎಬ್ಬಿಸಲು ಮನಸ್ಸು ಬರಲಿಲ್ಲ, ನೋಡುತ್ತಾ ಕೂತೆ. ಹುಬ್ಬಿನ ಮೇಲಿನ ಅರ್ಧ ಚಂದ್ರ ಬಿಳಿಯಾಗಿದೆ.

ಮಧ್ಯಾಹ್ನ

ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟರೂ ಪರವಾಗಿಲ್ಲ.

ಪರೀಕ್ಷೆಯಲ್ಲಿ ನಾನು ತುಂಬುವಂತಿಲ್ಲ. ಹಗ್ಗದ ಆಚೆ ಜನರ ನಡುವೆ ನಿಂತಿದ್ದೆ. ಮೊದಲ ತೋಟಾ ಇಟ್ಟು, ಬೋಲ್ಟ್ ಮುಚ್ಚುವ ಮೊದಲು, ತಿರುಗಿ ನನ್ನನ್ನು ಹುಡುಕಿದಳು. ಥಟ್ಟನೆ ಅರ್ಥವಾಯಿತು. ಮುಖ ತಿರುಗಿಸಿ ಪೈನ್ ಮರ ನೋಡಿದೆ.

ಢಂ. ಮತ್ತೆ ತಡೆದಳು. ನಾನು ಮರವನ್ನೇ ನೋಡುತ್ತಿದ್ದೆ. ಢಂ. ಐದೂ ಸಲ ಹಾಗೆಯೇ.

ಪಕ್ಕದಲ್ಲಿದ್ದ ಟೋರ್ಗೆರ್ ಭುಜ ತಟ್ಟಿದ. "ಯಾಕೋ ಬಾವ, ಹೆಂಡ್ತಿ ಹೊಡೆಯೋದು ನೋಡೋಕೂ ಧೈರ್ಯ ಇಲ್ವಾ?"

"ಇಲ್ಲ ಕಣೋ," ಎಂದೆ.

ಕಾಗದ ತಂದು ತೋರಿಸಿದರು. ಐದೂ ಒಳಗೆ. ಎರಡು ತೂತು ಒಂದಕ್ಕೊಂದು ಅಂಟಿಕೊಂಡಿದ್ದವು. ಟೋರ್ಗೆರ್ ಟೋಪಿ ತೆಗೆದು ಅಕ್ಕನ ತಲೆಗಿಟ್ಟು ವಾಫಲ್ ತರಲು ಹೋದ. ಸಿಗ್ನೆ ನನ್ನ ಹತ್ತಿರ ಬಂದು ಕಿವಿಯಲ್ಲಿ ಕೇಳಿದಳು—

"ಯಾವುದು ತುಂಬಿದ್ದೆ?"

ಸೆಪ್ಟೆಂಬರ್ 25, ಕರಿಜೌಗು, ಬೆಳಗಾಗುತ್ತಿದೆ

ಬೇಟೆಯ ಮೊದಲ ದಿನ. ಸೂಪಿನ ಸೌಟು ಟೋರ್ಗೆರ್‌ನ ಸೊಸೆಯ ಕೈಗೆ ಕೊಟ್ಟು ಬಂದಿದ್ದೇನೆ. ಉಪ್ಪು ಕಡಿಮೆ ಹಾಕುತ್ತಾಳೆ, ಇರಲಿ. "ಈ ವರ್ಷ ನೀನೂ ಬಾ," ಎಂದಳು ಸಿಗ್ನೆ, ಬಂದೆ. ಇಷ್ಟು ವರ್ಷ ಅವಳು ಕೂರುತ್ತಿದ್ದ ಜಾಗವನ್ನು ಇವತ್ತೇ ಮೊದಲು ನೋಡಿದ್ದು. ಒಂದು ಮರದ ಬೊಡ್ಡೆ, ಅದರ ಮೇಲೆ ಅವಳ ಅಪ್ಪ ಹಾಕಿದ ಹಲಗೆ. ಇಬ್ಬರಿಗೆ ಸಾಲದು, ಒತ್ತಿಕೊಂಡು ಕೂತಿದ್ದೇವೆ. ಅವಳ ಬಲ ಭುಜ ನನ್ನ ಎಡ ಭುಜಕ್ಕೆ ತಾಗಿದೆ. ಸರಿಸಿಕೊಳ್ಳುತ್ತಿಲ್ಲ.

ಕೂತ ಕೂಡಲೇ ಅಂಗೈ ಚಾಚಿದಳು. ಅದರಲ್ಲಿ ಬೇಟೆಯ ತೋಟಾ, ದುಬಾರಿಯದು. "ನೀನೇ ತುಂಬು," ಎಂದು ಪಿಸುಗುಟ್ಟಿದಳು. ತುಂಬಿದೆ. ಇದು ಯಾವುದೆಂದು ಇಬ್ಬರಿಗೂ ಗೊತ್ತು. ಅವಳ ಉಸಿರು ಒಂದೇ ಸಮ ಇದೆ, ನನ್ನದೇ ಇಲ್ಲ. ಅವಳ ಮುಖ ನೋಡಿದೆ— ಅದೇ ಮುಖ. ಬೆಟ್ಟ ಇಳಿದು ಬರುವ ತನಕ ಕಾಯುತ್ತಿದ್ದೆನಲ್ಲ ಇಷ್ಟು ವರ್ಷ, ಅದು ಇಲ್ಲಿಯೇ ಇತ್ತು.

ದೂರದಲ್ಲಿ ನಾಯಿ ಬೊಗಳಿತು. ಈಗ ಇನ್ನೂ ಹತ್ತಿರ. ಜೌಗಿನ ಆಚೆ ದಂಡೆಯಲ್ಲಿ ಬರ್ಚ್ ಗಿಡ ಅಲ್ಲಾಡುತ್ತಿದೆ, ಗಾಳಿಯಿಲ್ಲ. ಪೆನ್ಸಿಲ್ ಸದ್ದು ಮಾಡುತ್ತೆ ಎಂದು ಸಿಗ್ನೆ ನನ್ನ ಕೈ ಮೇಲೆ ತನ್ನ ಕೈ—