ಭುಜದ ಎತ್ತರ

ನೋವೈ, ಮಿಷಿಗನ್
ಫೆಬ್ರವರಿ 4, 2025, ಮಂಗಳವಾರ

ನನ್ನ ಮುದ್ದು ಮಾನ್ಯಾಗೆ, ಅವ್ವ ಮಾಡುವ ನೂರು ಆಶೀರ್ವಾದ.

ಲಕೋಟೆ ನೋಡಿ ಗಾಬರಿಯಾಗಬೇಡ. ಅಪ್ಪ ಚೆನ್ನಾಗಿದ್ದಾರೆ, ನಾನೂ ಚೆನ್ನಾಗಿದ್ದೇನೆ. ನಿನ್ನ ಓಕ್ ಬ್ರೂಕ್‌ನಲ್ಲಿ ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ ಅಂತ ಫೋನು ತೋರಿಸುತ್ತಿದೆ. ಕಾರಿಗೆ ಹಿಮದ ಟೈರ್ ಬದಲಾಯಿಸಿದೆಯಾ? ಹೂಂ ಅನ್ನುತ್ತೀ, ಬದಲಾಯಿಸಿರುವುದಿಲ್ಲ. ಈ ವಿಷಯ ಫೋನಿನಲ್ಲೇ ಹೇಳೋಣ ಅಂತ ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಟೈರಿನ ಮಾತೇ ಬಂತು. ಮೆಸೇಜು ಮಾಡಿದರೆ ಅಪ್ಪ ನೋಡುತ್ತಾರೆ. ಅದಕ್ಕೇ ಕಾಗದ. ಒಂಬತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟವಳ ಅಕ್ಷರ, ನಿಧಾನವಾಗಿ ಓದು. ನಿನಗೆ ಈ ಅಕ್ಷರ ಕಲಿಸಿದವಳೂ ನಾನೇ, ಐಸ್ ಸ್ಕೇಟಿಂಗ್ ರಿಂಕಿನ ಗಾಜಿನ ಮೇಲೆ ಕೂತ ಹಬೆಯಲ್ಲಿ ಬೆರಳಾಡಿಸಿ. ನೀನು ಐಸಿನ ಕಡೆಯಿಂದ ಎಲ್ಲಾ ಉಲ್ಟಾ ಓದುತ್ತಿದ್ದೆ.

ಭಾನುವಾರ ನೀನು ಹೇಳಿದ್ದು ಕೇಳಿದಾಗಿನಿಂದ ಅನ್ನ ಸೇರುತ್ತಿಲ್ಲ. ನೀನು ಸಂಜೆ ಹೊತ್ತು ಸ್ಕೇಟಿಂಗ್ ಕಲಿಸುವ ರಿಂಕಿನಲ್ಲಿ ಜೋಡಿಗಳಿಗೆ ಇನ್ನೊಬ್ಬ ಕೋಚ್ ಬೇಕು, ಕ್ಯಾಸ್ಪರ್ ಅಪ್ಲೈ ಮಾಡಿದ್ದಾನೆ, ಅವನ ಜೋಡಿಯಾಗಿ ಏಳು ವರ್ಷ ಸ್ಕೇಟ್ ಮಾಡಿದವಳು ನೀನಾದ್ದರಿಂದ ಶುಕ್ರವಾರ ನಿನ್ನ ಮಾತಿನ ಮೇಲೇ ತೀರ್ಮಾನ ಅಂದೆ. ಆಮೇಲೆ ನೀನು ನಕ್ಕೆ. ನನ್ನನ್ನ ಮೇಲಕ್ಕೆ ಎಸೆಯೋಕೇ ಹೆದರಿದವನು ಮಕ್ಕಳಿಗೆ ಏನು ಕಲಿಸ್ತಾನೆ ಅವ್ವಾ, ಬೇಡ ಅಂತ ಬರೆದುಕೊಡ್ತೀನಿ ಅಂದೆ. ನಾನು ಟೈರಿನ ಮಾತು ತೆಗೆದೆ.

ಅವನು ಹೆದರಿದವನಲ್ಲ, ಮಾನ್ಯಾ.

ಹದಿನೇಳನೇ ವಯಸ್ಸಿನಲ್ಲಿ ನೀನು ಬಿದ್ದದ್ದು ನಿನಗೆ ನೆನಪಿಲ್ಲ. ನಾನು ಗಾಜಿನ ಈಚೆ ನಿಂತಿದ್ದೆ. ಅವನು ಸೊಂಟ ಹಿಡಿದು ನಿನ್ನನ್ನು ಮೇಲಕ್ಕೆ ಎಸೆಯಬೇಕು, ನೀನು ಗಾಳಿಯಲ್ಲಿ ಮೂರು ಸುತ್ತು ತಿರುಗಿ ಒಂಟಿ ಕಾಲಿನ ಮೇಲೆ ಇಳಿಯಬೇಕು. ಆವತ್ತು ತಲೆ ಮೊದಲು ಇಳಿಯಿತು. ಆರು ಹೊಲಿಗೆ. ಡಾಕ್ಟರು ಹೆಸರು ಕೇಳಿದರೆ ನೀನು ರಿಂಕಿನ ಹೆಸರು ಹೇಳಿದೆ. ಎರಡೇ ತಿಂಗಳಿಗೆ ಮತ್ತೆ ಐಸಿಗಿಳಿದೆ. ಬೇಡ ಅಂದರೆ ಕೇಳುವ ಮಗಳಲ್ಲ ನೀನು. ಅಪ್ಪ ಯಾವಾಗಲೂ ನಿನ್ನ ಕಡೆ. ನನ್ನ ಮಾತು ಕೇಳುತ್ತಿದ್ದವನು ಆ ಹುಡುಗ ಒಬ್ಬನೇ. ಪಕ್ಕದೂರು ವಿಕ್ಸಮ್‌ನಿಂದ ಬರುತ್ತಿದ್ದ, ನಮ್ಮ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ತಿಂದು, ತಟ್ಟೆ ತೊಳೆದಿಟ್ಟು ಹೋಗುತ್ತಿದ್ದ. ನೀನು ಒಂದು ದಿನ ತೊಳೆದವಳಲ್ಲ.

ಒಂದು ಮಧ್ಯಾಹ್ನ ಅವನ ಕೈ ಎಳೆದು ನನ್ನ ತಲೆಯ ಮೇಲೆ ಇಟ್ಟುಕೊಂಡೆ. ಅವಳನ್ನು ನಿನ್ನ ಭುಜಕ್ಕಿಂತ ಎತ್ತರಕ್ಕೆ ಎಸೆಯುವುದಿಲ್ಲ ಅಂತ ಆಣೆ ಮಾಡು, ಅವಳಿಗೆ ಹೇಳಲೂಬೇಡ ಅಂದೆ, ನನ್ನ ಹರಕು ಇಂಗ್ಲಿಷಿನಲ್ಲಿ. ತಪ್ಪಿದರೆ ಏನಾಗುತ್ತೆ ಆಂಟಿ ಅಂತ ಕೇಳಿದ. ನಾನು ಉಳಿಯುವುದಿಲ್ಲ ಅಂದೆ. ನಮ್ಮ ಹುಡುಗರಾಗಿದ್ದರೆ ಆಯ್ತು ಆಂಟಿ ಅಂದು, ಹೊರಗೆ ಹೋಗಿ ನಗುತ್ತಿದ್ದರು. ದಿನಕ್ಕೆ ನಾಲ್ಕು ಆಣೆ ಹಾಕಿ ಐದು ಮರೆಯುವ ಜನ ನಾವು. ಪೋಲೆಂಡಿನವರ ಮಗ, ಅವನಿಗೆ ಅದು ಹೇಗೆ ಗೊತ್ತಾಗಬೇಕು? ಮುಖ ಕೆಂಪಗಾಯಿತು. ಹೂಂ ಅಂದ.

ಆಮೇಲೆ ತಿಂಗಳುಗಟ್ಟಲೆ ನಿಮ್ಮ ಕೋಚು ಎತ್ತರ, ಎತ್ತರ ಅಂತ ಕೂಗಿದ್ದು ನಿನಗೇ ಗೊತ್ತು. ಅವನು ಭುಜ ನೋವು ಅನ್ನುತ್ತಿದ್ದ. ಅವನ ಭುಜಕ್ಕೆ ಏನೂ ಆಗಿರಲಿಲ್ಲ.

ನವೆಂಬರಿನಲ್ಲಿ ಶಿಕಾಗೋ ಸ್ಪರ್ಧೆಗೆ ಐದು ಗಂಟೆ ಡ್ರೈವ್ ಮಾಡಿಕೊಂಡು ಹೋದೆವಲ್ಲ, ದಾರಿಯಲ್ಲಿ ರೊಟ್ಟಿ ಬಿಚ್ಚಿದಾಗ ಶೇಂಗಾ ಚಟ್ನಿಪುಡಿ ಮುದ್ದೆಯಾಗಿತ್ತು. ಇದೇನು ಅವ್ವಾ, ಚಟ್ನಿನಾ ಸಿಮೆಂಟಾ ಅಂತ ನೀನು ನಕ್ಕೆ. ಕ್ಯಾಸ್ಪರ್ ಆ ಮುದ್ದೆಯನ್ನೇ ರೊಟ್ಟಿಗೆ ಸವರಿಕೊಂಡು ತಿಂದ. ನಾಲ್ಕು ಜೋಡಿ ನ್ಯಾಷನಲ್ಸಿಗೆ ಹೋದವು, ನೀವು ಐದನೆಯವರಾದಿರಿ. ಎಸೆತ ತಗ್ಗಿನಲ್ಲಿತ್ತು, ಮೂರನೇ ಸುತ್ತು ಮುಗಿಯುವ ಮುಂಚೆಯೇ ನಿನ್ನ ಕೈ ಐಸಿಗೆ ತಾಗಿತು. ಪಾರ್ಕಿಂಗ್ ಲಾಟಿನಲ್ಲಿ ನೀನು ಅವನನ್ನು ಹೇಡಿ ಅಂದೆ, ಅದೂ ಕನ್ನಡದಲ್ಲಿ, ನಾನೇ ಕಲಿಸಿದ ಪದ. ಅವನು ಕಾರಿನ ಆಚೆ ಬದಿಯಿಂದ ನನ್ನ ಮುಖ ನೋಡಿದ. ನಾನು ಗಾಜಿನ ಮೇಲಿನ ಹಿಮ ಒರೆಸುತ್ತಿದ್ದೆ. ಒರೆಸಿದ ಗಾಜನ್ನೇ ಮತ್ತೆ ಒರೆಸಿದೆ.

ಹತ್ತು ಹುಡುಗಿಯರಿಗೆ ಒಬ್ಬ ಹುಡುಗ ಸಿಗುವ ಆಟ ಅದು. ಅವನನ್ನು ಬಿಟ್ಟ ಮೇಲೆ ನಿನಗೆ ಬೇರೆ ಜೋಡಿ ಸಿಗಲಿಲ್ಲ. ಸ್ಕೇಟ್ ಚೀಲ ಗರಾಜಿನಲ್ಲಿ ಬಿಸಾಡಿ ಕಾಲೇಜಿಗೆ ಹೋದೆ. ನಾನು ಆಗ ದೇವರಿಗೆ ದೀಪ ಹಚ್ಚಿದೆ, ಮಗಳು ಉಳಿದಳು ಅಂತ. ಸ್ವಲ್ಪ ದಿನ ನೆಮ್ಮದಿಯಾಗಿಯೂ ಇದ್ದೆ. ಆಮೇಲೆ ರಜೆಗೆ ಬಂದಾಗ ನೀನು ಸಾಕ್ಸ್ ಹಾಕಿಕೊಂಡು ಅಡುಗೆಮನೆ ನೆಲದ ಮೇಲೆ ಜಾರಿ, ಕೈ ಚಾಚಿ, ಹಿಡಿಯುವವರು ಯಾರೂ ಇಲ್ಲದೆ ನಿಂತುಬಿಟ್ಟೆ. ಆವತ್ತಿನಿಂದ ಆ ಚೀಲದಲ್ಲಿರುವ ನಿನ್ನ ಹಳೇ ಸ್ಕೇಟಿನ ಬ್ಲೇಡಿಗೆ ತಿಂಗಳಿಗೊಮ್ಮೆ ಎಣ್ಣೆ ಒರೆಸುತ್ತೇನೆ. ತುಕ್ಕು ಹಿಡಿದಿಲ್ಲ.

ಅವನೇ ಒಂದು ಸಲ ಬಂದು ಕೇಳಿದ್ದರೆ ಆಣೆ ಬಿಟ್ಟುಬಿಡುತ್ತಿದ್ದೆ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಶುಕ್ರವಾರ ಅವನನ್ನು ತೆಗೆದುಕೊಳ್ಳುವುದು ಬಿಡುವುದು ನಿಮಗೆ ಬಿಟ್ಟದ್ದು. ಅವನ ಹೆಸರಿನ ಮುಂದೆ ನನ್ನ ಹೆದರಿಕೆಯನ್ನು ಮಾತ್ರ ಬರೆಯಬೇಡ. ಈ ಭಾನುವಾರ ನೀನು ಫೋನ್ ಮಾಡುತ್ತೀಯೋ ಇಲ್ಲವೋ. ನಾನಂತೂ ಹತ್ತು ಗಂಟೆಯಿಂದ ಫೋನ್ ಪಕ್ಕದಲ್ಲೇ ಕೂತಿರುತ್ತೇನೆ. ಬೈಯುವುದಿದ್ದರೂ ಮಾಡು.

ಟೈರ್ ಮರೆಯಬೇಡ.

ನಿನ್ನ ತಲೆ ನೇವರಿಸುತ್ತಾ,
ನಿನ್ನ ಅವ್ವ
ನೀಲಗಂಗಾ

ತಾ.ಕ.: ಅಂಟಿಸಿದ ಲಕೋಟೆ ಹರಿದು ಇದನ್ನು ಸೇರಿಸುತ್ತಿದ್ದೇನೆ. ಅವನು ಕೇಳಿದ್ದರೆ ಬಿಡುತ್ತಿದ್ದೆ ಅಂತ ಮೇಲೆ ಬರೆದದ್ದು ಸುಳ್ಳು. ಶಿಕಾಗೋಗೆ ಹೊರಟ ಬೆಳಿಗ್ಗೆ ನೀನು ಮಹಡಿಯ ಮೇಲೆ ಕೂದಲು ಕಟ್ಟಿಕೊಳ್ಳುತ್ತಿದ್ದೆ. ಅವನು ಅಡುಗೆಮನೆಗೆ ಬಂದು, ಇವತ್ತೊಂದು ದಿನ ಆ ಆಣೆ ಬಿಟ್ಟುಬಿಡಿ ಆಂಟಿ, ಅವಳನ್ನು ಬೀಳಿಸುವುದಿಲ್ಲ ಅಂದ. ನಾನು ಕೇಳಿಸದವಳ ಹಾಗೆ ಮಿಕ್ಸಿ ಹಾಕಿದೆ. ಅವನು ಇನ್ನೊಂದು ಸಲ ಹೇಳಿದ, ತುಟಿ ಅಲ್ಲಾಡಿದ್ದು ನೋಡಿದೆ. ಅವನು ಹೋಗಿ ಕಾರಿನಲ್ಲಿ ಕೂರುವವರೆಗೂ ಮಿಕ್ಸಿ ನಿಲ್ಲಿಸಲಿಲ್ಲ. ಅಷ್ಟರಲ್ಲಿ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗಿತ್ತು.