ಸೆಪ್ಟೆಂಬರ್ ಮೊದಲ ವಾರ ಅಂಗಡಿಯಲ್ಲಿದ್ದವರು

ಹಾಸನ
೧೪ ಅಕ್ಟೋಬರ್ ೨೦೦೩, ಮಂಗಳವಾರ

ಗಿರಿಧರ ಅವರಿಗೆ,

ಎರಡು ವರ್ಷದಿಂದ ಬೇರೆಯಿರುವ ಹೆಂಡತಿ ಗಂಡನನ್ನು ಏನೆಂದು ಕರೆದು ಕಾಗದ ಶುರುಮಾಡಬೇಕೋ ತಿಳಿಯದೆ ಬರೀ ಹೆಸರು ಬರೆದಿದ್ದೇನೆ. ನಾಳೆ ಇದು ಹೊಳೆನರಸೀಪುರ ತಲುಪಿದರೆ ಸಾಕು. ಫೋನ್ ಮಾಡಬಹುದಿತ್ತು. ಆದರೆ ನಮ್ಮ ಫಾರ್ಮಸಿ ಕಾಲೇಜಿನ ಫೋನು ಆಫೀಸಿನ ನಡುವೆ ಇದೆ, ಮಾತಾಡಿದರೆ ನಾಲ್ಕು ಜನ ಕೇಳುತ್ತಾರೆ.

ಡ್ರಗ್ ಇನ್‌ಸ್ಪೆಕ್ಟರ ನೋಟೀಸು ನನಗೂ ಬಂತು. ಗುರುವಾರ ಹತ್ತೂವರೆಗೆ ಹಾಜರಾಗಬೇಕು. ಸೆಪ್ಟೆಂಬರ್ ಮೊದಲ ವಾರ ನಿಮ್ಮ ಔಷಧಿ ಅಂಗಡಿಯಲ್ಲಿ ಖುದ್ದಾಗಿದ್ದ ಫಾರ್ಮಸಿಸ್ಟ್ ಯಾರು ಎಂದು ಬರೆದುಕೊಡಬೇಕು. ಓದಿದ ಮೇಲೆ ಲ್ಯಾಬಿನಲ್ಲಿ ಒಂದು ಬೀಕರ್ ಒಡೆದೆ. ಚೂರುಗಳನ್ನು ಆಯ್ದು ಹಾಕಿ ನೋಟೀಸನ್ನು ಮತ್ತೊಮ್ಮೆ ಓದಿದೆ.

ಹಳೇಕೋಟೆಯ ಪುಟ್ಟತಾಯಮ್ಮ ಇಲ್ಲಿನ ಆಸ್ಪತ್ರೆಯಲ್ಲೇ ಇದ್ದಾರೆ. ಕೀಲುನೋವಿಗೆ ಡಾಕ್ಟರು ಬರೆದದ್ದು ವಾರಕ್ಕೆ ಒಂದೇ ಒಂದು ಗುಳಿಗೆ. ಆಕೆ ದಿನಕ್ಕೊಂದರಂತೆ ಹತ್ತು ದಿನ ನುಂಗಿದರು. ಆ ಗುಳಿಗೆ ಹಾಗೆ ನುಂಗಿದರೆ ರಕ್ತವನ್ನೇ ಕೆಡಿಸುತ್ತದೆ. ವಾರಕ್ಕೊಂದೇ ಎಂಬ ಒಂದು ಮಾತು ಹೇಳುವುದಕ್ಕಾಗಿಯೇ ಫಾರ್ಮಸಿಸ್ಟ್ ಎಂಬ ಮನುಷ್ಯ ಅಂಗಡಿಯಲ್ಲಿ ಇರಬೇಕೆಂದು ಸರ್ಕಾರ ನಿಯಮ ಮಾಡಿದೆ.

ಶನಿವಾರ ಅಲ್ಲಿಗೆ ಹೋಗಿದ್ದೆ. ವಾರ್ಡಿನ ಬಾಗಿಲಲ್ಲಿ ಆಕೆಯ ಮಗ ಮೋಹನ್‌ಕುಮಾರ್ ಕೂತಿದ್ದ. ನಾನು ಯಾರೋ ರೋಗಿಯ ಕಡೆಯವಳೆಂದುಕೊಂಡ. “ಬಾಯೆಲ್ಲ ಹುಣ್ಣಾಗಿ ನೀರೂ ಇಳೀತಿಲ್ಲ ಕಣಕ್ಕ. ಡಾಕ್ಟ್ರು ನಾಳೆ ನೋಡಾನ ಅಂತಾರೆ, ದಿನಾ ನಾಳೆ ಅಂತಾರೆ. ಆ ಅಂಗ್ಡಿಯೋರು ಒಂದ್ ಮಾತ್ ಹೇಳಿದ್ರೆ ಏನ್ ಗಂಟೋಗ್ತಿತ್ತು?” ಎಂದ. ಒಳಗೆ ಹೋಗಿ ನೋಡು ಎಂದೂ ಕರೆದ. ನಾನು ಹೋಗಲಿಲ್ಲ.

ನಿನ್ನೆ ನೀವು ಫೋನಿನಲ್ಲಿ ಹೇಳಿದ್ದನ್ನೇ ಯೋಚಿಸುತ್ತಿದ್ದೇನೆ. “ಬಿಲ್ಲೂ ಇಲ್ಲ, ಯಾವ ದಿನ ಅಂತಾನೂ ಗೊತ್ತಿಲ್ಲ. ದಿನಕ್ಕೆ ನೂರು ಜನ ಬರ್ತಾರೆ, ನಾನೇ ಕೊಟ್ಟಿರಬೇಕು. ಆ ಹೊತ್ತಿಗೆ ನೀನೇ ಅಂಗಡೀಲಿದ್ದೆ ಅಂತ ಒಂದು ಮಾತು ಹೇಳಿಬಿಡೇ. ಫಾರ್ಮಸಿಸ್ಟ್ ಇದ್ದರು ಅಂತಾದ್ರೆ ಲೈಸೆನ್ಸ್ ಉಳಿಯುತ್ತೆ,” ಎಂದಿರಿ. ನಿಮ್ಮ ದನಿ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಹೋದ ವಾರವಷ್ಟೇ ತರಗತಿಯಲ್ಲಿ ಈ ಪಾಠ ಮಾಡಿದ್ದೆ. ಡಾಕ್ಟರ ಚೀಟಿಯ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟಿನ ಕಣ್ಣೆದುರೇ ಕೊಡಬೇಕು ಎಂದೆ. ಅರಕಲಗೂಡಿನಿಂದ ಬರುವ ಧನ್ಯಾ ಎದ್ದು, “ಮೇಡಂ, ಅವ್ರು ಊಟಕ್ಕೆ ಹೋದ್ರೆ ರೋಗಿ ಉಸಿರು ಬಿಗಿಹಿಡ್ಕೊಂಡಿರ್ಬೇಕಾ?” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಹೆಸರಿನ ಫಾರ್ಮಸಿಸ್ಟ್ ಸರ್ಟಿಫಿಕೇಟು ಮೂವತ್ತು ಚಿಲ್ಲರೆ ಕಿಲೋಮೀಟರ್ ಆಚೆ ನಿಮ್ಮ ಅಂಗಡಿಯ ಗೋಡೆಯ ಮೇಲಿತ್ತು.

ನಾವು ಮಾಡಿಕೊಂಡಿದ್ದ ವ್ಯವಸ್ಥೆಯನ್ನು ಇನ್‌ಸ್ಪೆಕ್ಟರಿಗೆ ಹೇಗೆ ವಿವರಿಸಲಿ? ತಿಂಗಳ ಮೊದಲ ಭಾನುವಾರ ಬಸ್ಸು ಹತ್ತಿ ಬಂದು, ಹಿಂದಿನ ತಿಂಗಳ ಔಷಧಿಗಳ ರಿಜಿಸ್ಟರು ಹಾಕಿಕೊಂಡು ಕೂತು, ನಾನಿಲ್ಲದ ಮೂವತ್ತು ದಿನಕ್ಕೂ ಸಾಲುಸಾಲಾಗಿ ರುಜು ಹಾಕುತ್ತಿದ್ದೆ. ನೀವು ಎದುರಿನ ಹೋಟೆಲಿನಿಂದ ಕಾಫಿ ತರುತ್ತಿದ್ದಿರಿ. ಕಾಫಿ ಆರುವ ತನಕ ಏನಾದರೂ ಮಾತು. ಆ ರುಜುಗಳಿಲ್ಲದಿದ್ದರೆ ನಾವು ಎದುರುಬದುರು ಕೂರುತ್ತಲೇ ಇರಲಿಲ್ಲ. ನಿಮಗೆ ಬೇಕಾಗಿದ್ದದ್ದು ನನ್ನ ರುಜುವೋ ನಾನೋ ಎಂದು ಕೇಳಬೇಕೆಂದುಕೊಂಡು ಪ್ರತಿಸಲ ಮೂರೂವರೆಯ ಬಸ್ಸಿಗೆ ಓಡಿದೆ.

ನೀವು ಹೇಳಿದಂತೆ ಹೇಳಲು ನನಗೆ ಭಯ. ಫಾರ್ಮಸಿಸ್ಟ್ ಎದುರಿಗಿದ್ದೂ ಹೀಗಾಯಿತೆಂದರೆ ತಪ್ಪು ಅಂಗಡಿಯದಾಗುವುದಿಲ್ಲ, ಅವಳೊಬ್ಬಳದೇ ಆಗುತ್ತದೆ. ನನ್ನ ನೋಂದಣಿ ಹೋದರೆ ಕೆಲಸವೂ ಹೋಗುತ್ತದೆ. ಆಕೆಗೆ ಏನಾದರೂ ಹೆಚ್ಚುಕಡಿಮೆಯಾದರೆ ಪೊಲೀಸರೂ ಬರುತ್ತಾರೆ. ಆದ್ದರಿಂದ ನಾನಿರಲಿಲ್ಲ ಎಂದೇ ಬರೆದುಕೊಡುತ್ತೇನೆ. ನನ್ನನ್ನು ಕ್ಷಮಿಸಿ.

ಇಂತಿ,
ಶ್ರೀಗೌರಿ

ತಾ.ಕ.: ಇಲ್ಲಿಗೆ ರುಜು ಹಾಕಿದೆ, ಆದರೆ ಕಾಗದ ಮಡಿಸಲಾಗಲಿಲ್ಲ. ನೀವು ಹೇಳೆಂದ ಸುಳ್ಳು ಸುಳ್ಳಲ್ಲ. ಸೆಪ್ಟೆಂಬರ್ ಏಳು, ಭಾನುವಾರ. ನೀವು ಕಾಫಿಗೆ ಹೋಗಿದ್ದಿರಿ. ಆಕೆ ಚೀಟಿ ಹಿಡಿದು ಬಂದರು, ಗುಳಿಗೆ ತೆಗೆದು ಕೊಟ್ಟವಳು ನಾನು. ಬಿಲ್ಲು ಹರಿಯಲಿಲ್ಲ, ನಿಮಗೆ ಹೇಳಲೂ ಇಲ್ಲ. ಶನಿವಾರ ವಾರ್ಡಿನೊಳಕ್ಕೆ ಹೋಗದಿದ್ದದ್ದು ಆಕೆ ಗುರುತು ಹಿಡಿದಾರೆಂದು. ಗುರುವಾರ ಇದನ್ನೇ ಬರೆದುಕೊಡುತ್ತೇನೆ. ನೀವು ಕೊಟ್ಟಿಲ್ಲ, ಇನ್ನು ನಿದ್ದೆ ಮಾಡಿ. ಆಕೆ ಮೆಟ್ಟಿಲಿಳಿದವರು ತಿರುಗಿ ಬಂದು, “ದಿನಾ ಒಂದೊಂದಾ ತಾಯಿ?” ಎಂದು ಕೇಳಿದ್ದರು. ನಾನು ಆಗಸ್ಟ್ ತಿಂಗಳಿಗೆ ರುಜು ಹಾಕುತ್ತಿದ್ದೆ. ತಲೆ ಎತ್ತದೆ ಹೂಂ ಎಂದೆ.