ಕೇಳದೆ ಕುಡಿದ ಕಷಾಯ

ಜುಲೈ 28, ಮಂಗಳವಾರ

ಇವತ್ತೂ ನರಿಕೊಂಬಿನ ಮನೆ ಮನೆ ಸುತ್ತಿದ್ದೇ ಬಂತು. ಹದಿನಾಲ್ಕರ ಹುಡುಗಿಯರಿಗೆ ಲಸಿಕೆ — ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಾರದ ಹಾಗೆ. ಯಾರೂ ಹ್ಞೂಂ ಅನ್ನಲಿಲ್ಲ. ಕೊನೆಯ ಮನೆಯ ಅಜ್ಜಿ ಅವ್ವಮ್ಮ ಚಹಾ ಕೊಟ್ಟರು, ಮೊಮ್ಮಗಳನ್ನು ಕಳಿಸಲು ಒಪ್ಪಲಿಲ್ಲ.

“ಕೊರೋನಾ ಇಂಜೆಕ್ಷನ್‌ನಿಂದಲೇ ಅಲ್ವಾ ರಾಜೀವಿಗೆ ಇದೇ ಕ್ಯಾನ್ಸರ್ ಆದದ್ದು? ಈಗ ಇನ್ನೊಂದಾ ಮಾರಾಯ್ತಿ?”

ರಾಜೀವಿ ಪಕ್ಕದ ಮನೆಯವಳು. ಒಂದೇ ಜಗಲಿಯಲ್ಲಿ ಬೀಡಿ ಕಟ್ಟಿದವರು ನಾವು. ಆವತ್ತು ಇಂಜೆಕ್ಷನ್‌ಗೆ ಕರೆದುಕೊಂಡು ಹೋದವಳು ನಾನೇ, ಆಶಾ ಕಾರ್ಯಕರ್ತೆ. ಈಗ ಅವಳ ಗಂಡ ನಿತ್ಯಾನಂದ ನನ್ನನ್ನು ಅಂಗಳಕ್ಕೂ ಸೇರಿಸುವುದಿಲ್ಲ.

ಆಗಸ್ಟ್ 3

ಡಾಕ್ಟರರನ್ನು ಕೇಳಿದೆ. ಆ ಇಂಜೆಕ್ಷನ್‌ಗೂ ರಾಜೀವಿಯ ಕಾಯಿಲೆಗೂ ಸಂಬಂಧ ಇಲ್ಲವಂತೆ. ಇದು ಬೇರೆ ವೈರಸ್‌ನಿಂದ, ಎಷ್ಟೋ ವರ್ಷ ಹಿಂದೆಯೇ ಒಳಹೊಕ್ಕಿರುತ್ತದೆ. ನನಗೂ ಬಾಯಿಪಾಠ. ಆದರೆ ನನ್ನ ಮಗಳು ಪ್ರಾಪ್ತಿಗೂ ಹದಿನಾಲ್ಕು... ಅವಳಿಗೆ ಹಾಕಿಸುವುದೆಂದರೆ ಹೆದರಿಕೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ನಮ್ಮ ಯಜಮಾನರು ಮಸ್ಕತ್‌ನಲ್ಲಿ. ಫೋನ್ ಮಾಡಿದರೆ “ನಿನಗೇ ಗೊತ್ತಲ್ಲ” ಎನ್ನುತ್ತಾರೆ. ಇಂಥದ್ದನ್ನೆಲ್ಲ ಹೇಳಿಕೊಳ್ಳುತ್ತಿದ್ದದ್ದು ರಾಜೀವಿಯ ಹತ್ತಿರ.

ಆಗಸ್ಟ್ 12, ಬೆಳಿಗ್ಗೆ

ಆಟಿ ಅಮಾವಾಸ್ಯೆ, ರೋಗ ಬಾರದಿರಲೆಂದು ಊರೆಲ್ಲ ಕಹಿ ಕಷಾಯ ಕುಡಿಯುವ ದಿನ. ಪ್ರತಿ ವರ್ಷ ನಿತ್ಯಾನಂದ ಬೆಳಕು ಹರಿಯುವ ಮೊದಲೇ ಪಾಲೆ ಮರದ ಕೆತ್ತೆ, ಅಂದರೆ ತೊಗಟೆ, ತರುತ್ತಾನೆ, ರಾಜೀವಿ ಅದರ ಕಷಾಯ ಕಳಿಸುತ್ತಾಳೆ. ಈ ಸಲ ಬರಲಿಲ್ಲ. ನಾಚಿಕೆ ಬಿಟ್ಟು ಲೋಟ ಹಿಡಿದು ಹೋದೆ.

“ನೀವು ಊರಿಗೆ ಇಂಜೆಕ್ಷನ್ ಕೊಡಿಸಿದ್ದು ಸಾಕಾಗ್ಲಿಲ್ವಾ ದೀಪಕ್ಕ?” ಎಂದ ನಿತ್ಯಾನಂದ.

ಸಿಟ್ಟು ನೆತ್ತಿಗೇರಿತು. “ಕತ್ತಲೆಯಲ್ಲಿ ಮರ ತಪ್ಪಿದ್ರೆ ವಿಷ. ಇಷ್ಟು ವರ್ಷ ನೀವು ತಂದದ್ದು ಯಾವ ಮರದ್ದು ಅಂತ ಒಂದು ದಿನ ಕೇಳಿದ್ದೇನಾ ನಾನು?”

ಒಳಗೆ ರಾಜೀವಿಗೆ ಕೇಳಿರಬೇಕು. ಬರಿ ಲೋಟ ಹಿಡಿದು ವಾಪಸು ಬಂದೆ. ಬಹಳ ಅತ್ತೆ.

ಆಗಸ್ಟ್ 19, ಸಂಜೆ

ಲಸಿಕೆ ದಿನ. ಮೊದಲು ಪ್ರಾಪ್ತಿಗೇ ಹಾಕಿಸಿದೆ. ನರ್ಸ್ ಸೂಜಿ ಎತ್ತಿದಾಗ ಕಣ್ಣು ಮುಚ್ಚಿದವಳು ನಾನು. ಆಮೇಲೆ ಮಧ್ಯಾಹ್ನದವರೆಗೂ ಬೆಂಚು ಖಾಲಿ.

ಊಟದ ಹೊತ್ತಿಗೆ ಒಂದು ರಿಕ್ಷಾ. ರಾಜೀವಿ! ತಲೆಗೆ ಶಾಲು. ಜೊತೆಗೆ ಮಗಳು ದೀಕ್ಷಿತಾ.

“ಇವರಿಗೆ ಹೇಳಿಯೇ ಬಂದೆ. ಸಿಟ್ಟಲ್ಲಿದ್ದಾರೆ, ಇರ್ಲಿ. ನಿನ್ನ ಮಗಳಿಗೆ ಹಾಕಿಸಿದ್ಯಾ?”

“ಹಾಕಿಸಿದೆ.”

“ಹೆದರಿಕೆ ಆಗ್ಲಿಲ್ವಾ?”

“ಆಯ್ತು ಮಾರಾಯ್ತಿ.”

ಆಗ ಕುಳಿತಳು. ದೀಕ್ಷಿತಾಳ ತೋಳು ಮುಂದೆ ಮಾಡಿದಳು. “ಮುಂದೆ ಇವಳಿಗೆ ಏನಾದ್ರೂ ಆದ್ರೆ...”

ಏನೂ ಆಗುವುದಿಲ್ಲ — ಕೊರೋನಾ ಇಂಜೆಕ್ಷನ್ ದಿನ ಅವಳಿಗೆ ಹಾಗೇ ಹೇಳಿದ್ದೆ. ಇವತ್ತು ಅದನ್ನು ಹೇಳಲಿಲ್ಲ. “ನಾನಿದ್ದೇನೆ” ಎಂದೆ.

“ನೀನು ಇರ್ತಿ, ಗೊತ್ತುಂಟು ನಂಗೆ. ನಾನು ಇರ್ತೇನಾ ಅಂತ ಕೇಳು.”

ಕೇಳಲಿಲ್ಲ. ಅವಳ ಹತ್ತಿರ ಅದನ್ನು ಹೇಗೆ ಕೇಳಲಿ? ನರ್ಸ್ ದೀಕ್ಷಿತಾಳಿಗೆ ಸೂಜಿ ಹಾಕಿ ಮುಗಿಸುವವರೆಗೂ ರಾಜೀವಿಯ ಕೈ ಹಿಡಿದು ಪಕ್ಕದಲ್ಲೇ ಕುಳಿತೆ.